ಜಿಡ್ಡು ಮುಖಕ್ಕೆ ಎಣ್ಣೆ ಹಚ್ಚಿದ ಎರಡು ವಾರ

ಬೇರೆಯವ್ರ ಮುಖದಲ್ಲಿ ಮೊಡವೆ ಬರುತ್ತೆ, ಸುಮ್ನೆ ಹೋಗುತ್ತೆ. ನನ್ನ ಮುಖಕ್ಕೆ ಬಂದ್ರೆ ಮಾತ್ರ ಅದ್ರ ಹಿಂದೇನೇ ಒಂದು ಅವಾಂತರ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ್ಕೊಳ್ಳುತ್ತೆ. ಇದನ್ನ ಇಲ್ಲೀವರೆಗೂ ಯಾರ ಹತ್ರಾನೂ ಹೇಳಿಲ್ಲ. ನಾನು ಮಾತಾಡೋದೇ ಕಮ್ಮಿ.

ನಾನು ಫಸ್ಟ್ ಪಿಯುಸಿ. ಊರು ತೂಬಗೆರೆ ಹತ್ರ, ಕಾಲೇಜು ದೊಡ್ಡಬಳ್ಳಾಪುರ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಮುಖಾನ ಪುಸ್ತಕದೊಳಗೆ ಇಟ್ಕೊಂಡಿರ್ತೀನಿ. ಅರ್ಧ ಓದೋಕೆ, ಅರ್ಧ ಮುಚ್ಕೊಳ್ಳೋಕೆ. ಹಣೆ ಮೇಲೆ ಒಂಬತ್ತು ಮೊಡವೆ, ಕೆನ್ನೆ ಮೇಲೆ ಆರು, ಮೂಗಿನ ತುದೀಲಿ ಒಂದು. ಈ ಮೂಗಿಂದು ನನಗಿಂತ ಮುಂಚೆ ಕ್ಲಾಸೊಳಗೆ ಹೋಗುತ್ತೆ.

ಅಂಥದ್ರಲ್ಲಿ ಪ್ರಬಂಧ ಸ್ಪರ್ಧೇಲಿ ನಂಗೆ ಫಸ್ಟ್ ಪ್ರೈಜ್ ಬಂತು. ಕನ್ನಡ ಮೇಡಂ ಕರೆದು, "ಇನ್ನೆರಡು ವಾರಕ್ಕೆ ಕಾಲೇಜ್ ಡೇ. ಸ್ಟೇಜ್ ಮೇಲೆ ನೀನೇ ಓದ್ಬೇಕು. ನಿನ್ನ ಫೋಟೋ ದೊಡ್ಡದು ಮಾಡ್ಸಿ ಗಾಜಿನ ಬೋರ್ಡಲ್ಲಿ ಹಾಕ್ತೀವಿ, ಇಡೀ ವರ್ಷ ಇರುತ್ತೆ" ಅಂದ್ರು. ಇಡೀ ವರ್ಷ. ಗಾಜಿನ ಹಿಂದೆ. ಅದೂ ದೊಡ್ಡದು ಮಾಡ್ಸಿ.

ಕಷ್ಟ ಬಂದ್ರೆ ನಾನು ಹೋಗೋದು ಲೈಬ್ರರಿಗೆ. ಅಲ್ಲಿ ಒಂದು ಹಳೇ ಪುಸ್ತಕ ಸಿಕ್ತು. ಸೋಪು ಬಿಟ್ಟು ಎಣ್ಣೇಲಿ ಮುಖ ಕ್ಲೀನ್ ಮಾಡ್ಕೊಳ್ಳೋದು ಹೇಗೆ ಅಂತ ಅದ್ರಲ್ಲಿ ಒಂದು ಅಧ್ಯಾಯ. ಜಿಡ್ಡನ್ನ ಜಿಡ್ಡೇ ಬಿಡಿಸ್ಬೇಕಂತೆ. ಜಿಡ್ಡು ಚರ್ಮಕ್ಕೆ ಒಂದು ಎಣ್ಣೆ, ಒಣ ಚರ್ಮಕ್ಕೆ ಒಂದು, ಮೊಡವೆಗೆ ಇನ್ನೊಂದು. ಮನೇಲಿ ಯಾರಿಗೂ ಗೊತ್ತಾಗ್ಬಾರ್ದು ಅಂತ ಅದಕ್ಕೆ ಗಣಿತದ ಪುಸ್ತಕದ ರಟ್ಟು ಹಾಕ್ಕೊಂಡು ತಂದೆ.

೧. ಯಾವ ಚರ್ಮ ಅಂತ ನೋಡಿದ್ದು

ಮೊದ್ಲು ನಿಮ್ಮ ಚರ್ಮ ಯಾವುದು ಅಂತ ತಿಳ್ಕೊಳ್ಳಿ, ಬೆಳಗ್ಗೆ ಎದ್ದ ತಕ್ಷಣ ಒಂದು ತೆಳು ಕಾಗದ ಮುಖಕ್ಕೆ ಒತ್ತಿ ನೋಡಿ ಅಂತ ಬರ್ದಿತ್ತು. ನಮ್ಮನೇಲಿ ತೆಳು ಕಾಗದ ಅಂದ್ರೆ ನ್ಯೂಸ್ ಪೇಪರ್ ಒಂದೇ. ಎಷ್ಟು ಹೊತ್ತು ಒತ್ಬೇಕು ಅಂತ ಬರ್ದಿರ್ಲಿಲ್ಲ. ತಪ್ಪಾಗ್ಬಾರ್ದಲ್ಲ ಅಂತ ಹತ್ತು ನಿಮಿಷ ಎರಡೂ ಕೈಲಿ ಒತ್ಕೊಂಡು ಮಲಗಿದ್ದೆ. ತೆಗೆದು ನೋಡಿದ್ರೆ ಪೇಪರ್ ಮೇಲೆ ನನ್ನ ಮುಖಾನೇ ಇತ್ತು, ಬೋಂಡಾ ಕಟ್ಟಿದಂಗೆ. ಸರಿ, ಜಿಡ್ಡು ಚರ್ಮ.

ಕಾಫಿ ಕುಡಿಯೋಕೆ ಹೊರಗೆ ಬಂದೆ. ಅಪ್ಪ ನನ್ನೇ ನೋಡ್ತಾ ಕತ್ತು ಒಂದ್ಸಲ ಆ ಕಡೆ ವಾಲ್ಸಿದ್ರು, ಒಂದ್ಸಲ ಈ ಕಡೆ.

"ಬಾರ್ಲಾ ಇಲ್ಲಿ. ಹಣೆ ಮೇಲೆ ಏನ್ಲಾ ಅದು, ಉಲ್ಟಾ ಬರ್ದೈತೆ?"

ಓಡಿ ಹೋಗಿ ಕನ್ನಡಿ ನೋಡ್ಕೊಂಡೆ. ಪೇಪರಿನ ಜಾಹೀರಾತು ಕನ್ನಡೀಲಿ ಸರಿಯಾಗೇ ಕಾಣ್ತಿತ್ತು. ಹಣೆ ಮೇಲೆ 'ಮೂವತ್ತು ನಲವತ್ತು ಸೈಟು', ಎಡಗೆನ್ನೆ ಮೇಲೆ 'ಏರ್‌ಪೋರ್ಟಿಗೆ ಹತ್ರ'. ಅಪ್ಪ ಹಿಂದೆ ಬಂದು ನಿಂತು ಪೂರ್ತಿ ಓದಿದ್ರು. ಆಮೇಲೆ ಅಮ್ಮನಿಗೆ ಹೇಳಿದ್ರು:

"ಪಕ್ಕದ ಹೊಲದಾಗೆ ಸೈಟಿನ ಬೋರ್ಡ್ ನೆಟ್ರು, ಎದುರು ಹೊಲದಾಗೂ ನೆಟ್ರು. ನಮ್ಮನೆ ಒಳಕ್ಕೆ ಬರಲ್ಲ ಅಂದ್ಕೊಂಡಿದ್ದೆ ಕಣೆ."

೨. ಬಿಸಿ ಟವೆಲು

ಜಿಡ್ಡು ಚರ್ಮಕ್ಕೆ ಒಂದು ಪಾಲು ಹರಳೆಣ್ಣೆ, ಎರಡು ಪಾಲು ಎಳ್ಳೆಣ್ಣೆ. ಕಲಸಿ, ಮುಖಕ್ಕೆ ಮೆತ್ತಗೆ ತಿಕ್ಕಿ, ಬಿಸಿನೀರಲ್ಲಿ ಅದ್ದಿದ ಟವೆಲು ಮುಚ್ಕೊಂಡು, ಆರೋವರೆಗೂ ಅಲ್ಲಾಡದೆ ಮಲಗ್ಬೇಕು. ಭಾನುವಾರ ಅಪ್ಪ ಅಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯೋಕೆ ತೋಟಕ್ಕೆ ಹೋದ್ಮೇಲೆ ನಡುಮನೇಲಿ ಚಾಪೆ ಹಾಸ್ಕೊಂಡೆ. ಬಿಳೀ ಟವೆಲು ಮುಖದ ಮೇಲೆ. ಅಲ್ಲಾಡಬಾರ್ದು ಅಂತ ಕೈ ಎರಡೂ ನೀಟಾಗಿ ಪಕ್ಕಕ್ಕೆ ಇಟ್ಕೊಂಡೆ.

ಎದುರುಮನೆ ಅಜ್ಜಿ ಬಾಗ್ಲು ತಳ್ಕೊಂಡು ಒಳಗೆ ಬಂದ್ರು. ಆಮೇಲೆ ದೊಪ್ಪಂತ ಕೂತ ಸದ್ದು.

"ಅಯ್ಯೋ ನನ್ನಪ್ಪಾ, ನೆನ್ನೆ ತಾನೆ ಬಸ್ ಹತ್ತಿತ್ತಲ್ಲಪ್ಪಾ ಈ ಕೂಸು" ಅಂತ ರಾಗ ಶುರು ಮಾಡಿದ್ರು.

ಎದ್ದೇಳ್ಬೇಕು ಅಂದ್ಕೊಂಡೆ. ಆದ್ರೆ ಎದ್ರೆ ಮುಖ ತುಂಬಾ ಎಣ್ಣೆ. ಯಾಕೆ ಏನು ಅಂತ ಕೇಳ್ತಾರೆ, ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಭಯಕ್ಕೆ ಹಂಗೇ ಮಲ್ಗಿದ್ದೆ.

"ಒಂದಿನ ಎದುರು ಮಾತಾಡಿದ್ದಿಲ್ಲ. ನಮ್ಮ ಮೊಮ್ಮಗ ಅವ್ನೆ, ಊರು ಸುತ್ತೋ ಬಡ್ಡಿಮಗ. ಇದು ಹಂಗಲ್ಲ, ಅಪರಂಜಿ. ಎಷ್ಟು ಓದ್ತಿತ್ತು."

ನಿಜ ಹೇಳ್ತೀನಿ, ಇನ್ನೂ ಸ್ವಲ್ಪ ಹೊತ್ತು ಬೇಕು ಅಂತಾನೇ ಮಲ್ಗಿದ್ದೆ. ನನ್ನ ಬಗ್ಗೆ ಯಾರೂ ಯಾವತ್ತೂ ಅಷ್ಟು ಒಳ್ಳೇ ಮಾತು ಹೇಳಿರ್ಲಿಲ್ಲ. ಅಷ್ಟರಲ್ಲಿ ಅಜ್ಜಿ ಮೂಗು ಸೀತ್ಕೊಂಡು, "ಮುಖ ಒಂದು ಹಂಗಿತ್ತು, ಪಾಪ" ಅಂದ್ರು. ತಡ್ಕೊಳ್ಳೋಕೆ ಆಗ್ಲಿಲ್ಲ. ಎದ್ದು ಕೂತೆ.

ಅಜ್ಜಿ ಕಿರುಚ್ಲಿಲ್ಲ. ನನ್ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ, ಸೆರಗಲ್ಲಿ ಕಣ್ಣು ಒರೆಸ್ಕೊಂಡು, "ಬದ್ಕಿದ್ದೀಯಾ? ಸರಿ, ಎದ್ದೇಳು, ಒಂಚೂರು ಹೆಪ್ಪು ಕೊಡು. ಹಾಲು ಆರೋಯ್ತದೆ" ಅಂದ್ರು.

೩. ಹುಳದ ಮನೆ

ಒಂದು ವಾರ ಕಳೀತು. ಮೊಡವೆ ಹದಿನಾರು ಇದ್ದಿದ್ದು ಹದಿನೆಂಟಾಯ್ತು. ನಿದ್ದೆ ಬರ್ತಿರ್ಲಿಲ್ಲ. ಮತ್ತೆ ಪುಸ್ತಕ ತೆಗೆದೆ. ಮೊಡವೆ ಜಾಸ್ತಿ ಇರೋ ಚರ್ಮಕ್ಕೆ ಎಣ್ಣೆ ಜೊತೆ ಎರಡು ಹನಿ ಬೇವಿನೆಣ್ಣೆ ಅಂತ ಇತ್ತು. ಪೇಟೇಲಿ ಗ್ರಂಧಿಗೆ ಅಂಗಡಿಯಿಂದ ಒಂದು ಸಣ್ಣ ಬಾಟ್ಲು ತಂದೆ. ಉಳಿದಿರೋದೇ ಏಳು ದಿನ, ಎರಡು ಹನಿ ಎಲ್ಲಿಗಾಗುತ್ತೆ ಅಂತ ಅರ್ಧ ಬಾಟ್ಲು ಬಳ್ಕೊಂಡೆ.

ಅಷ್ಟೊತ್ತಿಗೆ ಅಮ್ಮ, "ಲೋ, ಸೊಪ್ಪಿನ ಬುಟ್ಟಿ ತಗೊಂಬಾ" ಅಂತ ಕೂಗಿದ್ರು.

ನಮ್ದು ರೇಷ್ಮೆ ಮನೆ. ಹುಳ ನಾಲ್ಕನೇ ಜ್ವರ ಮುಗ್ಸಿ ಎದ್ದಿದ್ವು. ಜ್ವರ ಅಂದ್ರೆ ಕಾಯಿಲೆ ಅಲ್ಲ, ತಿನ್ನೋದು ಬಿಟ್ಟು ಪೊರೆ ಕಳಚ್ತಾವೆ. ಎದ್ಮೇಲೆ ಗೂಡು ಕಟ್ಟೋವರೆಗೂ ತಿನ್ನೋದೇ ಕೆಲ್ಸ. ಆಗ ಹುಳದ ಮನೆಗೆ ಪೌಡರ್ ಹಾಕ್ಕೊಂಡವ್ರು, ಊದುಬತ್ತಿ ಹಚ್ಚಿದವ್ರು, ಯಾರೂ ಹೋಗಂಗಿಲ್ಲ. ಒಂದ್ಸಲ ಮಲ್ಲಿಗೆ ಮುಡ್ಕೊಂಡು ಬಂದ ನಮ್ಮತ್ತೇನೇ ಅಮ್ಮ ಬಾಗ್ಲಲ್ಲಿ ನಿಲ್ಸಿದ್ರು. ಬೇವು ಅಂದ್ರೆ ಹುಳಕ್ಕೆ ವಿಷ. ನಂಗೂ ಗೊತ್ತು. ಆದ್ರೆ ತಲೇಲಿ ಫೋಟೋ ಒಂದೇ ಇತ್ತು. ಬುಟ್ಟಿ ಹೊತ್ಕೊಂಡು ನೇರ ಒಳಗೆ ಹೋದೆ.

ಅಮ್ಮನ ಮೂಗು ಎದ್ದು ನಿಂತ್ಕೊಳ್ತು.

"ಏನ್ಲಾ ವಾಸ್ನೆ?"

"ಬೇವಿನೆಣ್ಣೆ."

"ಎಲ್ಲಿಗೆ ಬಳ್ಕೊಂಡಿದ್ದೀಯಾ?"

"ಮುಖಕ್ಕೆ."

ಆಮೇಲೆ ನಡೆದಿದ್ದು ನಂಗೆ ಸರಿಯಾಗಿ ಜ್ಞಾಪಕ ಇಲ್ಲ. ಬೋರ್‌ವೆಲ್ ಪೈಪ್ ಕೆಳಗೆ ಕೂರ್ಸಿ ಮೂರು ಸಲ ಸೀಗೆಪುಡಿ ಹಾಕಿ ಉಜ್ಜಿದ್ರು, ತಪ್ಲೆ ಉಜ್ಜಿದಂಗೆ. ನಾನು ತಂದ ಸೊಪ್ಪನ್ನೆಲ್ಲ ತಿಪ್ಪೆಗೆ ಎಸೆದ್ರು. ಒಳಗೆ ಹೋಗಿ ಹುಳದ ಒಂದೊಂದೇ ತಟ್ಟೆ ನೋಡ್ತಿದ್ರು. ನಾನು ಹೊರಗೆ ನಿಂತಿದ್ದೆ. ಆ ಬೆಳೆ ಹೋದ್ರೆ ಅಮ್ಮನ ಒಂದು ತಿಂಗಳ ನಿದ್ದೆಗೆಟ್ಟ ಕೆಲ್ಸ ಹೋದಂಗೆ. ತುಂಬಾ ಹೊತ್ತಾದ್ಮೇಲೆ ಅಮ್ಮ ಬಾಗ್ಲಿಗೆ ಬಂದ್ರು.

"ಸದ್ಯ, ತಿಂತಾ ಅವೆ. ಏನೂ ಆಗಿಲ್ಲ."

ನಂಗೆ ಅಳುನೇ ಬಂತು. ಮೆಲ್ಲಗೆ, "ಅಮ್ಮಾ, ನನ್ನ ಮುಖ ಉರೀತಾ ಇದೆ" ಅಂದೆ.

"ಉರೀಲಿ ಬಿಡು. ನಿನ್ನ ಮುಖಾನ ಗೂಡಿನ ಮಾರ್ಕೆಟ್ಟಲ್ಲಿ ಯಾರೂ ಕೆಜಿ ಲೆಕ್ಕದಲ್ಲಿ ತಗೊಳಲ್ಲ."

೪. ಫೋಟೋ

ಕಾಲೇಜ್ ಡೇ ಬಂತು. ಸೀಗೆಪುಡಿ ಉಜ್ಜಿ ಉಜ್ಜಿ ಮುಖ ಬಿರುಕು ಬಿಟ್ಟಿತ್ತು. ಅಂದ್ರೆ ಈಗ ನಂದು ಒಣ ಚರ್ಮ. ಪುಸ್ತಕದ ಪ್ರಕಾರ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ. ಹಚ್ಕೊಂಡೆ. ಬಿಸಿ ಟವೆಲಲ್ಲಿ ಒರೆಸ್ಬೇಕು ಅನ್ನೋವಷ್ಟರಲ್ಲಿ ಬಸ್ ಹಾರ್ನ್ ಕೇಳಿಸ್ತು. ಹಂಗೇ ಓಡಿದೆ.

ಸ್ಟೇಜ್ ಹತ್ತಿದೆ. ಲೈಟಿನ ಬಿಸಿಗೆ ಎಣ್ಣೆ ಹಣೆಯಿಂದ ಗಲ್ಲಕ್ಕೆ ಇಳೀತಿತ್ತು. ಪ್ರಬಂಧದ ಹಾಳೇನ ಮುಖಕ್ಕೆ ಅಡ್ಡ ಹಿಡ್ಕೊಂಡೇ ಪೂರ್ತಿ ಓದ್ಬಿಟ್ಟೆ. ಕಪ್ ಕೊಡುವಾಗ ಮೇಡಂ ನನ್ನ ಕೈ ಕೆಳಗಿಳಿಸಿ, "ಮುಖ ಕಾಣ್ಲಿ ಕಣೋ" ಅಂದ್ರು. ಫೋಟೋಗ್ರಾಫರ್ ಫ್ಲ್ಯಾಶ್ ಹೊಡೆದ್ರು.

ಮಾರನೇ ದಿನ ಮೇಡಂ ಸ್ಟಾಫ್ ರೂಮಿಗೆ ಕರೆದು ಫೋಟೋ ತೋರ್ಸಿದ್ರು. ಶರ್ಟು ಚೆನ್ನಾಗಿ ಬಂದಿತ್ತು. ಕಪ್ ಕೂಡ ಚೆನ್ನಾಗಿ ಬಂದಿತ್ತು. ಕಾಲರ್ ಮೇಲೆ ಒಂದು ಎಲ್ಇಡಿ ಬಲ್ಬು. ಮೊಡವೆ ಒಂದೂ ಇಲ್ಲ. ಕಣ್ಣು, ಮೂಗು, ಬಾಯಿನೂ ಇಲ್ಲ.

ಮೇಡಂ ಸ್ಟುಡಿಯೋಗೆ ಫೋನ್ ಮಾಡಿದ್ರು. "ತಲೆ ಕೆಡಿಸ್ಕೋಬೇಡಿ ಮೇಡಂ, ಈ ಹುಡ್ಗನ ಬಸ್ ಪಾಸ್ ಫೋಟೋ ನಮ್ಮ ಸಿಸ್ಟಮಲ್ಲೇ ಐತೆ, ಮುಖ ಅದ್ರದ್ದೇ ಕೂರಿಸ್ಕೊಡ್ತೀನಿ" ಅಂದ್ರಂತೆ. ಆ ಫೋಟೋ ತೆಗೆಸಿದ್ದು ನಾನು ಏಳನೇ ಕ್ಲಾಸಲ್ಲಿದ್ದಾಗ.

ಸೋಮವಾರ ಬೋರ್ಡಲ್ಲಿ ಹಾಕಿದ್ರು. ಪಿಯುಸಿ ಮೈ, ಏಳನೇ ಕ್ಲಾಸ್ ಮುಖ, ಸುಲಿದ ಮೊಟ್ಟೆ ಥರ ನುಣ್ಣಗೆ. ಯಾರೂ ಇಲ್ಲದಾಗ ಹೋಗಿ ನೋಡ್ತಾ ನಿಂತಿದ್ದೆ. ಸೆಕೆಂಡ್ ಪಿಯುಸಿ ಸೀನಿಯರ್ ಒಬ್ರು ಹಿಂದೆ ಬಂದು ನಿಂತ್ಕೊಂಡ್ರು. ಫೋಟೋ ನೋಡಿದ್ರು. ನನ್ನ ನೋಡಿದ್ರು. ಮತ್ತೆ ಫೋಟೋ ನೋಡಿದ್ರು. ಮುಗೀತು, ಈಗ ಕಾಲೇಜಿಗೆಲ್ಲ ಡಂಗೂರ ಅಂದ್ಕೊಂಡೆ.

ಅವ್ರು ನನ್ನ ಹೆಗಲ ಮೇಲೆ ಕೈ ಹಾಕಿ, ಬೇರೆ ಯಾರಿಗೂ ಕೇಳಿಸ್ದಂಗೆ ಹೇಳಿದ್ರು:

"ನಿನ್ನ ತಮ್ಮನಾ ಗುರು? ನಿನ್ನ ಥರಾನೇ ಅವ್ನೆ. ಮುಖ ಎಷ್ಟು ನೀಟಾಗಿ ಇಟ್ಕೊಂಡವ್ನೆ ನೋಡು. ಏನ್ ಹಚ್ತಾನೆ ಅಂತ ಕೇಳಿ ನೀನೂ ಹಚ್ಕೋಬಾರ್ದಾ?"

"ಕೇಳ್ತೀನಣ್ಣ" ಅಂದು ಕ್ಲಾಸಿಗೆ ಹೋದೆ.