ಅಣ್ಣನ ಒದ್ದೆ ಬೆರಳು

ನಮ್ಮ ದೊಡ್ಡಪ್ಪನ ಮಗನಿಗೆ ಗಾಳಿಯ ಮೇಲೂ ಅನುಮಾನ. ಗಾಳಿ ಬೀಸಿದರೆ ನಾವು ನೀವು ಅಂಗಿಯ ಗುಂಡಿ ಬಿಚ್ಚುತ್ತೇವೆ. ಅವನು ಬೆರಳು ನೆಕ್ಕಿ, ತುದಿಯನ್ನು ಒಮ್ಮೆ ಗಾಳಿಗೆ ಎದುರಾಗಿ, ಒಮ್ಮೆ ಅಡ್ಡವಾಗಿ ಹಿಡಿದು ನೋಡುತ್ತಾನೆ. ರಾಯಕೋಟೆ ಬಸ್ಸಿನ ಕಿಟಕಿಯಾಚೆ ಹಾಗೆ ಬೆರಳು ಚಾಚಿದ್ದಾಗ ಕಂಡಕ್ಟರು, "ಕೈಯೆ ಉಳ್ಳ ವೈಯ್ಯಾ" ಎಂದು, ಕೈ ಒಳಗಿಡುವಂತೆ, ತಮಿಳಿನಲ್ಲಿ ಗದರಿದ.

"ಇರಪ್ಪಾ, ಇನ್ನೊಂದು ಕಡೆ ಬಾಕಿ ಐತೆ."

ಅವನ ಕೆಲಸವೂ ಅದೇ: ಲ್ಯಾಬಿನಲ್ಲಿ ಪ್ಲಾಸ್ಮಾದ ಹರಿವು ಅಳೆಯುವುದು. ಪ್ಲಾಸ್ಮಾ ಎಂದರೆ ವಿದ್ಯುತ್ತಿನ ಕಣಗಳಾಗಿ ಒಡೆಯುವಷ್ಟು ಕಾದ ಅನಿಲವಂತೆ. ಗಾಳಿ ತೆಗೆದ ಉಕ್ಕಿನ ಡ್ರಮ್ಮಿನೊಳಗೆ ಅದು ನೀಲಿಯಾಗಿ ಹರಿಯುತ್ತದೆ. ಕೂದಲಿನಂಥ ಟಂಗ್‌ಸ್ಟನ್ ತಂತಿಯ ತುದಿಯನ್ನು ಅದಕ್ಕೆ ಚುಚ್ಚಿ, ಎಷ್ಟು ಕರೆಂಟು ಬಂತೆಂದು ನೋಡಬೇಕು. ಹರಿವಿಗೆ ಎದುರಾಗಿ ಒಮ್ಮೆ, ಅಡ್ಡವಾಗಿ ಒಮ್ಮೆ. ಎರಡರ ವ್ಯತ್ಯಾಸದಲ್ಲಿ ಹರಿವಿನ ವೇಗ ಸಿಗುತ್ತದೆ. ಹಾಗೆ ಚುಚ್ಚುವ ತಂತಿಯ ಸಾಧನಕ್ಕೆ ಪ್ರೋಬು ಎನ್ನುತ್ತಾರೆ; ಅದನ್ನು ಮಾಡಿಕೊಡುತ್ತಿದ್ದವನು ಯಾರು? ಹೊಸೂರಿನ ಶೆಡ್ಡಿನಲ್ಲಿ ಲೇತು ಇಟ್ಟುಕೊಂಡ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು. ಹೇಳಿಕೊಳ್ಳಲು ನನಗೇನು ಸಂಕೋಚ?

ಒಂದು ದಿನ ಮೂರು ಪ್ರೋಬು ಕರಗಿಸಿಕೊಂಡು ಬಂದ. ಉಳಿದ ತಂತಿ ಒಂದೇ ಪ್ರೋಬಿಗೆ. ನಾಳೆ ಬಿಟ್ಟರೆ ಯಂತ್ರ ಬೇರೆಯವರ ಪಾಲು, ಅವನ ವರ್ಷಗಟ್ಟಲೆಯ ಓದು ನೀರುಪಾಲು. ನಮ್ಮವ್ವ ಒಲೆಯ ಮುಂದಿನಿಂದಲೇ ಕೇಳಿದಳು:

"ಬೆಂಕಿ ಒಳಗೆ ಎಷ್ಟೊತ್ತು ಇಕ್ತೀಯ ಮಗ?"

"ಅಳತೆ ಮುಗಿಯೋಗಂಟ, ಚಿಕ್ಕವ್ವ. ಅರ್ಧ ನಿಮಿಷ."

"ಮುದ್ದೆ ಬೆಂದೈತಾ ಅಂತ ನೋಡಾಕೆ ಕೈ ಇಟ್ಕಂಡೇ ಕುಂತ್ಕತಾರಾ? ಬೆರಳು ಒದ್ದೆ ಮಾಡ್ಕಂಡು, ಮುಟ್ದಂಗೆ ಮುಟ್ಟಿ ತೆಗೀಬೇಕು ಕಣ್ಲಾ."

ಓದಿದವನು ನನ್ನ ಮುಖ ನೋಡಿದ. ನಾನು ಸ್ಪ್ರಿಂಗ್ ಹುಡುಕಲು ಎದ್ದೆ. ಸಂಜೆಯೊಳಗೆ ಪ್ರೋಬಿಗೊಂದು ಸರಳು ಸಿದ್ಧವಾಯಿತು: ಒತ್ತಿದರೆ ಒಳಗೆ, ಬಿಟ್ಟರೆ ಈಚೆಗೆ. ಅಷ್ಟರಲ್ಲೇ ಅಳತೆ ಮುಗಿಯುವಂತೆ ಅವನು ತನ್ನ ಮೀಟರು ತಿದ್ದಿಕೊಂಡ.

ಮರುದಿನ ಅವನ ಜೊತೆ ನಾನೂ ಲ್ಯಾಬಿಗೆ ಹೋದೆ. ಎದುರಿನ ಅಳತೆ ಸಿಕ್ಕಿತು. ಪ್ರೋಬನ್ನು ಅಡ್ಡ ತಿರುಗಿಸಿ ಒತ್ತಿದ. ಸರಳು ನಡುವೆಯೇ ಕಚ್ಚಿಕೊಂಡಿತು. ಮೀಟರಿನ ಪರದೆಯ ಗೆರೆ ನಡುಗಿತು. ಗಾಜಿನ ಕಿಂಡಿಯಲ್ಲಿ ತುದಿ ಕೆಂಪಾಯಿತು, ಬೆಳ್ಳಗಾಗತೊಡಗಿತು. ನನ್ನ ಮರ್ಯಾದೆಯೂ ಅದರ ಜೊತೆಗೇ ಕರಗುತ್ತಿತ್ತು. ಕಾದ ಸರಳನ್ನು ಬರಿಗೈಯಲ್ಲಿ ಹಿಡಿದು ಎಳೆದೆ. ಸ್ಪ್ರಿಂಗ್ ಬಿಟ್ಟಿತು. ತುದಿ ಉಳಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು.

"ಒತ್ತಣ್ಣ, ಇನ್ನೊಂದು ಸಲ. ಹೊತ್ತಾಯ್ತದೆ."

"ಸುಮ್ನಿರ್ಲಾ."

ಅವನು ನನ್ನ ಕೈ ಹಿಡಿದು, ಎದುರಿನಿಂದ ಮೆಲ್ಲಗೆ ಊದಿದ. "ತಂಪಾಯ್ತಾ?"

ನಾನು ಎಡಗೈಯಿಂದ ಸರಳು ಒತ್ತಿ ಬಿಟ್ಟೆ. ಪರದೆಯಲ್ಲಿ ಗೆರೆ ಪೂರ್ತಿ ಬಂತು. ಬಂತೆಂದು ನಾನೇ ಹೇಳಬೇಕಾಯಿತು. ಅವನು ಇನ್ನೂ ನನ್ನ ಅಂಗೈಗೆ ಊದುತ್ತಿದ್ದ, ಈ ಸಲ ಅಡ್ಡದಿಂದ.