ಸ್ಟೀಲ್ ಬಟ್ಟಲನ್ನು ಹೊರಗೆ ನಿಲ್ಲಿಸಿದ ಮೈಕ್ರೋವೇವ್ ಒಲೆಯವರಿಗೆ

ಮಾನ್ಯರೇ,

ದೋರನಹಳ್ಳಿಯ ನಮ್ಮ ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕದ ಕಟ್ಟೆಯನ್ನು ಅಲಂಕರಿಸಿ, ಗಾಜಿನ ಬಾಗಿಲು ಮುಚ್ಚಿಕೊಂಡು ಗಂಭೀರವಾಗಿ ಕುಳಿತಿರುವ ತಮಗೆ, ಈ ಮನೆಯ ಮಗನೂ ಶಹಾಪುರ ರಸ್ತೆಯ ಟಂಟಂ ಆಟೋ ಚಾಲಕನೂ ಆದ ಮರಿಲಿಂಗನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವೂ ತಮ್ಮೊಳಗಿನ ತಿರುಗುವ ತಟ್ಟೆಯೂ ಕ್ಷೇಮವೆಂದು ನಂಬಿದ್ದೇನೆ. ನನ್ನದು ಅಷ್ಟಕ್ಕಷ್ಟೇ.

ತಮ್ಮನ್ನು ಕರೆತಂದ ಕಾರಣ ತಮಗೆ ತಿಳಿದಿರಲಿ. ನನ್ನ ಹೆಂಡತಿ ಸುಮಲತಾ ಕಡೇಚೂರಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಬರುವಷ್ಟರಲ್ಲಿ ಊಟ ಆರಿಹೋಗಿರುತ್ತದೆ. ಗ್ಯಾಸ್ ಹಚ್ಚೋಣವೆಂದರೆ ಲೈಟರಿನ ಟಕ್ ಟಕ್ ಸದ್ದಿಗೆ, ಅಡುಗೆಮನೆಯ ಬಾಗಿಲಲ್ಲೇ ಮಲಗುವ ನಮ್ಮವ್ವ ಭೀಮವ್ವ ಏಳುತ್ತಾಳೆ. ಅವ್ವ ಎದ್ದರೆ ಓಣಿಯೇ ಏಳುತ್ತದೆ. ದಸರೆಯ ಹೊತ್ತಿಗೆ ಸುಮಲತಾ ಹೇಳಿಬಿಟ್ಟಳು: “ದೀಪಾವಳಿ ಆದ ಮ್ಯಾಲ ನಾ ಕಾರ್ಖಾನಿ ಬಾಜೂ ಸೈದಾಪುರದಾಗ ಗೆಳತ್ಯಾರ ಕೂಡ ರೂಮ್ ಮಾಡ್ತೀನಿ. ಅಲ್ಲಿ ಮೆಸ್ಸಿನಾಗರ ಬಿಸಿ ಅನ್ನ ಸಿಗ್ತದ.” ಹೆಂಡತಿ ಸೈದಾಪುರಕ್ಕೆ ಹೋಗುವುದಕ್ಕಿಂತ ತಾವು ದೋರನಹಳ್ಳಿಗೆ ಬರುವುದು ಮೇಲೆಂದು, ಆಕೆಯ ಬೋನಸ್ಸಿನ ಧೈರ್ಯದ ಮೇಲೆ, ಹಬ್ಬದ ಸೇಲಿನ ಕಡೆಯ ದಿನ ನಾವು ಮೂವರೂ ಶಹಾಪುರದ ಅಂಗಡಿಗೆ ಬಂದೆವು.

ಬಲೂನುಗಳ ಕೆಳಗೆ, ದರ ಇಳಿಸಿದ ಚೀಟಿಯನ್ನು ಹಣೆಗೇ ಅಂಟಿಸಿಕೊಂಡಿದ್ದರೂ ತಾವು ಮುಖದ ಗತ್ತು ಬಿಟ್ಟಿರಲಿಲ್ಲ. ಗಡಿಗೆ ಕೊಂಡರೂ ಬಡಿದು ನೋಡುವ ನಮ್ಮವ್ವ ತಮ್ಮನ್ನು ಪರೀಕ್ಷಿಸದೆ ಬಿಡುತ್ತಾಳೆಯೇ. ಮನೆಯಿಂದಲೇ ಸ್ಟೀಲ್ ಬಟ್ಟಲಿನಲ್ಲಿ ತೊಗರಿಬೇಳೆ ಸಾರು ತಂದಿದ್ದಳು. ಸೆರಗಿನಡಿಯಿಂದ ಅದನ್ನು ತೆಗೆದು ತಮ್ಮ ಹೊಟ್ಟೆಯೊಳಗೆ ಇಡಹೋದಾಗ ಅಂಗಡಿಯ ಗಯಾಸ ಓಡಿಬಂದು, “ಬ್ಯಾಡ್ರಿ ಅವ್ವಾರ, ಸ್ಟೀಲ್ ಇದರಾಗ ನಡಿಯಂಗಿಲ್ಲ, ಕಿಡಿ ಹಾರ್ತಾವ” ಎಂದ. ಅವ್ವ ಬಟ್ಟಲು ತಿರುಗಿಸಿ ಕೆತ್ತಿದ ಹೆಸರು ತೋರಿಸಿದಳು. “ನನ್ನ ಲಗ್ನದಾಗ ನಮ್ಮಣ್ಣ ಬಸವಂತ್ರಾಯ ಕೊಟ್ಟ ಬಟ್ಟಲ ಇದು. ನಮ್ಮಣ್ಣಗ ಒಳಗ ಬಾ ಅನ್ನಲಾರದ್ದು ನಮ್ಮ ಮನಿಗಿ ಯಾಕ ಬರಬೇಕು?” “ಅಣ್ಣಾರನ್ನ ಕರ್ಕೊಂಡು ಬರ್ರಿ, ಕುರ್ಚಿ ಹಾಕ್ತೀನಿ. ಬಟ್ಟಲಷ್ಟೇ ಬ್ಯಾಡ” ಎಂದು ಗಯಾಸ ನಕ್ಕ. ಅವ್ವ ನಗಲಿಲ್ಲ.

ಮಾನ್ಯರೇ, ತಮ್ಮ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಮನೆಯಲ್ಲಿ ಸ್ಟೀಲ್ ಅಲ್ಲದ್ದೆಂದರೆ ರೊಟ್ಟಿಯ ಹೆಂಚು, ಅದು ಕಬ್ಬಿಣ. ಲೋಟಕ್ಕೆ ಅಜ್ಜನ ಹೆಸರು, ತಾಟಿಗೆ ದೊಡ್ಡಪ್ಪನ ಹೆಸರು, ಚಮಚಕ್ಕೂ ಯಾರದೋ ಹೆಸರು. ಲಗ್ನದಲ್ಲಿ ಆಯೇರಿಯೆಂದು ಪಾತ್ರೆ ಕೊಟ್ಟವರೆಲ್ಲ ದಿನಾ ನಮ್ಮ ಜೊತೆಗೇ ಉಣ್ಣುತ್ತಾರೆ. ಇಷ್ಟು ಬಂಧುಬಳಗವನ್ನು ಒಂದೇ ಏಟಿಗೆ ಹೊರಗೆ ನಿಲ್ಲಿಸಲು ಎಂಥ ಎದೆಗಾರಿಕೆ ಬೇಕು.

ಅವ್ವ ಹೋಗಿ ಟಂಟಂ ಹತ್ತಿ ಕುಳಿತಳು. ನನ್ನ ಕಣ್ಣ ಮುಂದೆ ಸೈದಾಪುರದ ರೂಮು ಬಂತು. ಆಗ ಸುಮಲತಾ, ತಮ್ಮ ಜೊತೆ ಪುಕ್ಕಟೆ ಬರುವ ಗಾಜಿನ ಬಟ್ಟಲನ್ನು ಎತ್ತಿಕೊಂಡು ಹೋಗಿ, “ಅತ್ತಿ, ಮನಿ ತುಂಬ ಮಂದಿ ಹೆಸರು ಅದಾವ, ನಿಮ್ಮದು ಎಲ್ಲಿ ಅದ? ಇದರ ಮ್ಯಾಲ ನಿಮ್ಮದೊಂದೇ ಬರೀತೀನಿ” ಎಂದಳು. ಅವ್ವ ಬಟ್ಟಲನ್ನು ಬೆರಳಿನಿಂದ ಬಡಿದು ಸದ್ದು ಕೇಳಿ, “ಅಕ್ಷರ ದೊಡ್ಡವು ಇರಲಿ” ಎಂದಳು.

ಹೀಗೆ ತಾವು ದಯಮಾಡಿಸಿದಿರಿ. ಕೆಂಪು ಉಗುರುಬಣ್ಣದಲ್ಲಿ ‘ಭೀಮವ್ವ’ ಎಂದು ಬರೆದ ಆ ಬಟ್ಟಲನ್ನು ಅವ್ವ ಈಗ ಯಾರ ಕೈಗೂ ಕೊಡುವುದಿಲ್ಲ. ಕಂಪನಿ ಬಸ್ಸಿನ ಹಾರನ್ ಕೇಳುತ್ತಲೇ ತಾನೇ ಎದ್ದು ಸಾರು ಬಿಸಿ ಮಾಡುತ್ತಾಳೆ. ಅತ್ತೆ ಸೊಸೆ ತಮ್ಮ ಹಳದಿ ದೀಪದ ಮುಂದೆ ಕುಳಿತು, ತಿರುಗುವ ಬಟ್ಟಲನ್ನು ಟಿವಿಯಂತೆ ನೋಡುತ್ತ ನಗುತ್ತಾರೆ, ನಗುವ ವಿಷಯ ಬಹುಪಾಲು ನಾನೇ. ಸೈದಾಪುರದ ಮಾತು ನಿಂತಿದೆ. ಆದರೆ ಕಡೆಯ ಟ್ರಿಪ್ ಮುಗಿಸಿ ಬಂದ ನಾನು ಬಟ್ಟಲು ಕೇಳಿದರೆ, “ನಿನ್ನ ಹೆಸರು ಅದ ಏನು ಇದರ ಮ್ಯಾಲ? ಹಂಗೇ ಉಣ್ಣು” ಎಂಬ ಉತ್ತರ ಬರುತ್ತದೆ. ಈ ಮನೆಯಲ್ಲಿ ಆರಿದ ಸಾರಿಗೆ ಈಗ ನಾನೊಬ್ಬನೇ ವಾರಸುದಾರ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಸ್ಟೀಲಿನೊಂದಿಗೆ ರಾಜಿಯಾಗಬೇಕು. ಬಸವಂತ್ರಾಯ ಮಾಮನ ಬಟ್ಟಲಿಗೆ ವಾರಕ್ಕೊಮ್ಮೆಯಾದರೂ, ಕಿಡಿ ಹಾರಿಸದೆ, ಒಳಗೆ ಜಾಗ ಕೊಡಬೇಕು. ಅದೂ ಆಗದಿದ್ದರೆ, ನಾನು ಉಂಡ ಮೇಲೆ ಹೊಟ್ಟೆಯೊಳಗಿನ ಸಾರನ್ನಾದರೂ ಬಿಸಿ ಮಾಡಿಕೊಡಬೇಕೆಂದು ಪ್ರಾರ್ಥನೆ.

ಉಗುರುಬೆಚ್ಚಗಿನ ವಂದನೆಗಳೊಂದಿಗೆ, ಇಷ್ಟಾದರೂ
ತಮ್ಮ ವಿಶ್ವಾಸಿ,
ಮರಿಲಿಂಗ

ವಿ.ಸೂ.: ಕರೆಂಟ್ ಹೋಗಿ ಬಂದಾಗಲೆಲ್ಲ ತಾವು ಹೊತ್ತು ಮರೆತು ಸೊನ್ನೆ ಸೊನ್ನೆ ಎಂದು ಮಿಣುಕುತ್ತೀರಿ. ದಯವಿಟ್ಟು ಬಿಡಿ. ನನ್ನ ಹತ್ತನೆಯ ತರಗತಿಯ ಗಣಿತದ ರಿಸಲ್ಟ್ ಬಂದ ದಿನದಿಂದ ಈ ಮನೆಯಲ್ಲಿ ಸೊನ್ನೆಯ ಹುದ್ದೆ ಖಾಲಿ ಇಲ್ಲ.