ಪಡಸಾಲೆಯಲ್ಲೊಂದು ಚಂದ್ರಕುಳಿ

ಯಾವುದನ್ನೇ ಆಗಲಿ ದೂರದಿಂದ ಒಮ್ಮೆ ನೋಡಿದರೆ ಸಾಕು, ಅದು ಏನು, ಎಂಥದು, ಯಾಕೆ ಹಾಗಿದೆ ಎಂದು ಹೇಳಿಬಿಡುವ ಅಭ್ಯಾಸ ನನಗಿದೆ. ಅದನ್ನು ದುರಭ್ಯಾಸ ಎನ್ನುವವಳು ನನ್ನ ಹೆಂಡತಿ ಸರೋಜಾ ಒಬ್ಬಳೇ. ಶಹಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳುತ್ತಿರುವವನು ನಾನು; ಗ್ರಹಗಳೆಂದರೆ ನನಗೆ ಪ್ರಾಣ. ಶುಕ್ರನ ಮೇಲೆ ಒಂದು ಕ್ಷಣವೂ ಸರಿಯದ ಮೋಡ. ಆದರೂ ನೌಕೆಗಳು ಮೇಲಿನಿಂದಲೇ ರೇಡಾರ್ ಅಲೆ ಕಳಿಸಿ ಅಲ್ಲಿನ ಗುಡ್ಡ ಎಷ್ಟು, ತಗ್ಗು ಎಷ್ಟು ಎಂದು ಬರೆದುಕೊಂಡು ಬಂದಿವೆ. ಶನಿಯ ಚಂದ್ರನಾದ ಟೈಟಾನ್ ಮೇಲೆ ಸುರಿಯುವುದು ನೀರಲ್ಲ, ಮೀಥೇನ್ ಎಂದು ನಾವು ಇಲ್ಲಿ ಕುರ್ಚಿಯ ಮೇಲೆ ಕೂತು ಹೇಳಬಲ್ಲೆವು. ಹೀಗಿರುವಾಗ ನನ್ನದೇ ಮನೆಯ ಅಡುಗೆಕೋಣೆಯ ವಾಯುಮಂಡಲ ಯಾವ ಲೆಕ್ಕ? ಹಂಚಿನ ಮೇಲೆ ರೊಟ್ಟಿ ಬೀಳುವ ಸದ್ದು ಕೇಳಿದರೆ ಸಾಕು, ಇವತ್ತು ಒಳಗೆ ಹೋಗಿ ಚಹಾ ಕೇಳಬಹುದೋ ಬಾರದೋ ಎಂದು ಪಡಸಾಲೆಯಲ್ಲೇ ತಿಳಿಯುತ್ತದೆ. ಹೆಚ್ಚಿನ ದಿನ ಬಾರದು ಎಂದೇ ತಿಳಿಯುತ್ತದೆ.

ನಮ್ಮ ಊರೂ ನನ್ನ ಪಕ್ಷವೇ. ಶಹಾಪುರಕ್ಕೆ ಬಂದ ನೆಂಟರನ್ನೆಲ್ಲ ರಸ್ತೆಯ ಒಂದು ಜಾಗಕ್ಕೆ ಕರೆದೊಯ್ದು ನಿಲ್ಲಿಸಿ, ಮಲಗಿದ ಬುದ್ಧನ ಗುಡ್ಡ ತೋರಿಸುತ್ತೇನೆ. ಹಣೆ, ಮೂಗು, ಎದೆ, ಎಲ್ಲ ಸ್ಪಷ್ಟ. ಇನ್ನೂ ಹತ್ತಿರದಿಂದ ನೋಡುತ್ತೇವೆ ಎಂದು ಹಟ ಹಿಡಿದು ಹೋದವರಿಗೆ ಬಂಡೆ, ಮುಳ್ಳುಕಂಟಿ ಬಿಟ್ಟು ಮತ್ತೇನೂ ಸಿಕ್ಕಿಲ್ಲ. ದೂರದಿಂದ ನೋಡುವವನಿಗೇ ಸತ್ಯ ಕಾಣುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ನನ್ನ ಪಡಸಾಲೆಯಲ್ಲಿ ಆರು ವರ್ಷದಿಂದ ಒಂದು ಚಿತ್ರವಿತ್ತು. ಚಂದ್ರನ ಸುತ್ತ ತಿರುಗುವ ನೌಕೆಯೊಂದು ತೆಗೆದದ್ದು. ಯಾವುದೋ ತರಬೇತಿಯಲ್ಲಿ ಸುರುಳಿ ಸುತ್ತಿ ಕೊಟ್ಟಿದ್ದರು. ಮನೆಯಲ್ಲಿದ್ದ ಫ್ರೇಮಿಗೆ ಅದು ನಾಲ್ಕು ಬೆರಳು ಉದ್ದವಾಯಿತು. ಒಂದು ಅಂಚಿನಲ್ಲಿ ಏನೋ ಸಣ್ಣ ಅಕ್ಷರಗಳಿದ್ದವು. ಕತ್ತರಿ ತೆಗೆದುಕೊಂಡು ಆ ಅಂಚನ್ನು ಕತ್ತರಿಸಿ ಕೂಡಿಸಿದೆ. ಚಿತ್ರದ ತುಂಬ ದುಂಡನೆಯ ಉಬ್ಬುಗಳು. ಚಂದ್ರನ ಮೇಲೆ ಕುಳಿಗಳಿವೆ ಎನ್ನುವುದು ಯಾರಿಗೆ ಗೊತ್ತಿಲ್ಲ? ಆದರೆ ಹಳೆಯ ಲಾವಾ ಉಬ್ಬಿ ಆದ ಗುಡ್ಡಗಳೂ ಅಲ್ಲಲ್ಲಿ ಇವೆ ಎನ್ನುವುದು ಓದಿದವರಿಗಷ್ಟೇ ಗೊತ್ತು. ನಾನು ಓದಿದವನು. ಇವು ಆ ಅಪರೂಪದ ಗುಡ್ಡಗಳೇ ಎಂದು ನೋಡಿದ ಕೂಡಲೇ ಗುರುತು ಹಿಡಿದೆ. ಆರು ವರ್ಷ ನನ್ನ ಕ್ಲಾಸಿಗೆ ಬಂದ ಮಕ್ಕಳಿಗೆಲ್ಲ ಹಾಗೇ ಹೇಳಿದೆ. ಸುರಪುರದಲ್ಲಿ ಸುತ್ತಲಿನ ವಿಜ್ಞಾನ ಶಿಕ್ಷಕರ ಸಭೆ ನಿಗದಿಯಾಗಿ, ಒಂದು ಗಂಟೆ ಮಾತಾಡಿ ಎಂದು ನನ್ನನ್ನು ಕರೆದಾಗ ವಿಷಯವನ್ನೂ ಅದನ್ನೇ ಕೊಟ್ಟೆ: 'ಚಂದ್ರನ ಮೇಲಿನ ಗುಡ್ಡಗಳು'. ನನ್ನ ಹೆಸರು ಮೊದಲ ಸಲ ಅಚ್ಚಿನಲ್ಲಿ ಬಂತು. ಆ ಕರೆಪತ್ರವನ್ನು ಸರೋಜಾಳ ಕಣ್ಣಿಗೆ ಬೀಳುವಂತೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟೆ.

ಸಭೆಗೆ ಇನ್ನು ಎರಡು ದಿನ ಇದ್ದಾಗ ಪಡಸಾಲೆಯ ಗೋಡೆಗೆ ಹೊಸದಾಗಿ ಸಿಮೆಂಟು ಮೆತ್ತಿ ಗಿಲಾವು ಮಾಡಲು ದೇವಾಪುರದ ಗೌಂಡಿ ಹಣಮಂತಪ್ಪ ಬಂದಿದ್ದ. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ, ಕರಣಿ ಚುರುಕು. ಹಸಿ ಗೋಡೆಗೆ ಬಿಸಿಲು ತಾಗಬಾರದೆಂದು ಕಿಟಕಿಗೆ ಗೋಣಿಚೀಲ ಕಟ್ಟಿ, ಒಳಗೆ ಬಲ್ಬು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ನಾನು ಮಧ್ಯಾಹ್ನ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಾಗ ಅವನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ಗೋಡೆ ನೋಡಿದೆ. ಎದೆಮಟ್ಟದಲ್ಲಿ ಊಟದ ತಾಟಿನಷ್ಟು ಅಗಲದ ಒಂದು ಉಬ್ಬು. ನನಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

"ಹಣಮಂತಪ್ಪ, ಏನಪಾ ಇದು? ಗ್ವಾಡಿ ಹೊಟ್ಟಿ ಬಿಟ್ಟದಲ್ಲ" ಎಂದೆ.

ಅವನು ಬಂದು ನೋಡಿ, "ಅದು ಉಬ್ಬಲ್ರಿ ಮಾಸ್ತರ್ರ, ತಗ್ಗು. ತುಂಬೋದು ಬಾಕಿ ಅದ. ಕೈ ಇಟ್ಟು ನೋಡ್ರಿ" ಎಂದ.

"ಕೈ ಯಾಕ ಇಡಬೇಕು? ಚಂದ್ರನ ಮ್ಯಾಲ ಎಷ್ಟು ಮಂದಿ ಕೈ ಇಟ್ಟು ನೋಡ್ಯಾರ? ದೂರಿಂದ ನೋಡೇ ಹೇಳ್ತಾರ. ಇದು ಉಬ್ಬೇ. ಕೆರಿ."

"ಕೆರದ್ರ ಇಟ್ಟಂಗಿ ಕಾಣ್ತದ್ರಿ."

"ನಾ ಹೇಳಾಕತ್ತೇನಲ್ಲ, ಕೆರಿ."

"ಮನಿ ನಿಮ್ಮದು, ಗ್ವಾಡಿ ನಿಮ್ಮದು" ಎಂದು ಹಣಮಂತಪ್ಪ ಕರಣಿ ತೆಗೆದುಕೊಂಡು ಕೆರೆಯತೊಡಗಿದ. ನಾನು ಬಾಗಿಲಲ್ಲೇ ನಿಂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದೆ. ಆಶ್ಚರ್ಯವೆಂದರೆ ಅವನು ಕೆರೆದಷ್ಟೂ ಉಬ್ಬು ದೊಡ್ಡದಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಒಂದು ಗಳಿಗೆ ಯೋಚಿಸುತ್ತಿದ್ದರು. ನಾನು "ಜೋರಾಗಿ ಕೆರಿ" ಎಂದೆ. ಕೆಂಪು ಇಟ್ಟಂಗಿ ಕಂಡಿತು. ಹಣಮಂತಪ್ಪ ಬಗ್ಗಿ, ಸಿಮೆಂಟಿನ ಚೀಲದ ಮರೆಯಲ್ಲಿ ನೆಲದ ಮೇಲಿದ್ದ ಬಲ್ಬನ್ನು ಎತ್ತಿ ತಲೆಯ ಮೇಲೆ ಹಿಡಿದ. ಗೋಡೆಯ ಉಬ್ಬು ನನ್ನ ಕಣ್ಣೆದುರೇ ಒಳಗೆ ಹೋಯಿತು. ನನ್ನ ಪಡಸಾಲೆಯಲ್ಲಿ ಮೂರು ಬೆರಳು ಆಳದ ಕುಳಿಯಿತ್ತು.

"ಬೆಳಕು ಬುಡಕಿಂದ ಬಂದ್ರ ತಗ್ಗು ಉಬ್ಬಾಗಿ ಕಾಣ್ತದ್ರಿ. ನಮ್ಮ ಕಣ್ಣು ಬೆಳಕು ಮ್ಯಾಲಿಂದೇ ಬರ್ತದ ಅಂತ ತಿಳಕೊಂಡಿರ್ತದ. ಅದಕ್ಕ ನಾವು ಬಲ್ಬು ಸುತ್ತ ಆಡಿಸಿ ನೋಡ್ತೀವಿ" ಎಂದ ಅವನು. ಸೂರ್ಯ ಓರೆಯಾಗಿದ್ದಾಗ ಚಿತ್ರ ತೆಗೆದು, ನೆರಳಿನಿಂದ ಎತ್ತರ ಲೆಕ್ಕ ಹಾಕುತ್ತಾರೆ ಎಂದು ನಾನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುವ ಪಾಠವೇ ಇದು. ಅದೇ ಪಾಠ ನನ್ನ ಗೋಡೆಯ ಮೇಲೆ ನಡೆಯುತ್ತಿದ್ದಾಗ ಗುರುತು ಸಿಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸಿಮೆಂಟು ನನ್ನ ತಪ್ಪನ್ನೂ ಮುಚ್ಚಿಬಿಡುತ್ತಿತ್ತು. ಹಣಮಂತಪ್ಪನ ಕಣ್ಣು ಮೂಲೆಗೆ ಒರಗಿಸಿಟ್ಟ ನನ್ನ ಚಂದ್ರನ ಮೇಲೆ ಬಿತ್ತು. ಕುತ್ತಿಗೆ ವಾಲಿಸಿ ನೋಡಿ, "ಇಲ್ಲೂ ಅದೇ ಕಥಿ ಅನಸ್ತದ್ರಿ" ಎಂದು ಫ್ರೇಮನ್ನು ತಲೆಕೆಳಗು ಮಾಡಿಟ್ಟ. ಆರು ವರ್ಷ ಎದ್ದು ನಿಂತಿದ್ದ ನನ್ನ ಗುಡ್ಡಗಳೆಲ್ಲ ಒಂದೇ ಸಲ ಕುಸಿದು ಕುಳಿಗಳಾದವು. ಫ್ರೇಮು ಬಿಚ್ಚಿದೆ. ಕತ್ತರಿಸಿದ ಅಂಚಿನಲ್ಲಿ ಅಕ್ಷರಗಳ ತುದಿಗಳು ಉಳಿದಿದ್ದವು. ಆ ಸಾಲು ಚಿತ್ರದ ಕೆಳಗಿರಬೇಕಾದದ್ದು. ನಾನು ಅದನ್ನು ಆರು ವರ್ಷ ಮೇಲಿಟ್ಟು ನೇತುಹಾಕಿದ್ದೆ. ಅಷ್ಟರಲ್ಲಿ ಬಾಗಿಲಿಗೆ ಬಂದ ಸರೋಜಾ ಗೋಡೆ ನೋಡಿದಳು, ಚಿತ್ರ ನೋಡಿದಳು, ನನ್ನನ್ನು ನೋಡಿದಳು. ಅವಳ ತವರು ಗುರುಮಠಕಲ್. ಸಿಟ್ಟು ಬಂದರೆ ತೆಲುಗಿಗೆ ಹೊರಳುತ್ತಾಳೆ. ಅವತ್ತು ತೆಲುಗಿನಲ್ಲಿ ಆಡಿದ ಮಾತಿನ ಅರ್ಥ ನಾನು ಕೇಳಲಿಲ್ಲ.

ನನಗೆ ನಿಜಕ್ಕೂ ನಾಚಿಕೆಯಾಯಿತು. ಜ್ವರ ಎಂದು ಹೇಳಿ ಸಭೆ ತಪ್ಪಿಸೋಣ ಎಂದು ಎರಡು ದಿನ ಯೋಚಿಸಿದೆ. "ಹೋಗ್ರಿ. ತಪ್ಪಿದ್ದು ಹೇಳಾಕ ನಿಮಗಿಂತ ಚಲೋ ಮಾಸ್ತರ್ ಅವರಿಗೆ ಎಲ್ಲಿ ಸಿಗಬೇಕು?" ಎಂದಳು ಸರೋಜಾ. ಇದನ್ನು ಹೊಗಳಿಕೆ ಎಂದು ತೆಗೆದುಕೊಂಡು ಹೊರಟೆ. ದೇವಾಪುರಕ್ಕೆ ಹೋಗಲು ಅದೇ ಸುರಪುರದ ಬಸ್ಸು ಹತ್ತಿದ ಹಣಮಂತಪ್ಪ ಫ್ರೇಮು ಹಿಡಿದುಕೊಂಡು ಸಭೆಯವರೆಗೂ ಬಂದು, ಹಿಂದಿನ ಬೆಂಚಿನಲ್ಲಿ ಚಹಾ ಕುಡಿಯುತ್ತ ಕೂತ. ನಾನು ಚಿತ್ರವನ್ನು ಮೊದಲಿನಂತೆಯೇ ತಲೆಕೆಳಗಾಗಿ ನಿಲ್ಲಿಸಿ, ಇವು ಏನು ಎಂದು ಕೇಳಿದೆ. ಗುಡ್ಡ ಎಂದು ಇಡೀ ಸಭೆ ಕೈ ಎತ್ತಿತು; ವೇದಿಕೆಯ ಮೇಲಿನ ಹಿರಿಯರೂ ಎತ್ತಿದರು. ಅಷ್ಟು ಮಂದಿ ಬಂಧುಗಳನ್ನು ನಾನು ಒಂದೇ ಕಡೆ ನೋಡಿರಲಿಲ್ಲ. ಚಿತ್ರ ತಿರುಗಿಸಿದಾಗ ಇಡೀ ಸಭೆ ನಕ್ಕಿತು. "ಇದು ನಿಮಗ ಹೆಂಗ ಹೊಳೀತ್ರಿ ಸರ್?" ಎಂದು ಒಬ್ಬರು ಮೇಡಂ ಕೇಳಿದರು. ದೀರ್ಘ ಅಧ್ಯಯನ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ಬೆಂಚಿನಲ್ಲಿ ಹಣಮಂತಪ್ಪ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ, ಆರು ವರ್ಷವನ್ನೂ ಸೇರಿಸಿ. ಕಡೆಗೆ ಬೆಳಕು ಆಡಿಸಿ ತೋರಿಸಲು ಅವನನ್ನೇ ಮುಂದೆ ಕರೆದು ಬಲ್ಬು ಕೊಟ್ಟೆವು. ನನಗಿಂತ ಅವನಿಗೇ ಚಪ್ಪಾಳೆ ಜಾಸ್ತಿ ಬಿತ್ತು.

ಗೋಡೆಯ ಕುಳಿ ಮಾತ್ರ ಹಾಗೇ ಇದೆ. ಹಣಮಂತಪ್ಪ ತುಂಬಲು ಬಂದಾಗ ಸರೋಜಾ ಬೇಡ ಎಂದು ವಾಪಸು ಕಳಿಸಿದಳು. ಬಂದವರು ಅದೇನು ಎಂದು ಕೇಳಿದರೆ, "ನಮ್ಮ ಮಾಸ್ತರ್ರು ಚಂದ್ರನ ಮ್ಯಾಲ ಇಳದ ಜಾಗ" ಎನ್ನುತ್ತಾಳೆ. ಈಗ ನಾನು ಯಾವ ಗೋಡೆಯನ್ನಾದರೂ ಮುಟ್ಟಿ ನೋಡಿದ ಮೇಲೆಯೇ ಮಾತಾಡುತ್ತೇನೆ. ಮಂಗಳ, ಶುಕ್ರ, ಟೈಟಾನ್ ವಿಷಯದಲ್ಲಿ ಮಾತ್ರ ಮೊದಲಿನಂತೆ ಕೂತಲ್ಲಿಂದಲೇ ಹೇಳುತ್ತೇನೆ. ದೇವಾಪುರದ ಗೌಂಡಿ ಇನ್ನೂ ಅಲ್ಲಿಗೆ ಬಲ್ಬು ಹಿಡಿದು ಹೋಗಿಲ್ಲ.